ನಿಷ್ಠೆ ಕೆಲಸಕ್ಕೋ, ಧಣಿಗೋ?

(ಕಾರ್ಮಿಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ "ಕೆಲಸಗಾರನ ನಿಷ್ಠೆ". ಈ ಮಾತನ್ನು ನೀವು ನನಗಿಂತ ಹೆಚ್ಚು ಸಲ ಕೇಳಿದ್ದೀರಿ. ಗೇಟಿನೊಳಗೆ ಕೇಳಿದ್ದೀರಿ, ಬೋನಸ್ಸಿನ ಹೊತ್ತಿಗೆ ಕೇಳಿದ್ದೀರಿ, ಲೇಬರ್ ಆಫೀಸಿನ ಬೆಂಚಿನ ಮೇಲೆ ಕೂತು ಕೇಳಿದ್ದೀರಿ. "ಈಗಿನ ಆಳುಗಳಿಗೆ ನಿಷ್ಠೆಯಿಲ್ಲ. ಇವತ್ತು ಬಂದವನು ನಾಳೆ ಇಲ್ಲ. ನಾವು ಕೈಹಿಡಿದು ಕಲಿಸುತ್ತೇವೆ, ಕಲಿತವನು ಐನೂರು ರೂಪಾಯಿ ಹೆಚ್ಚಿಗೆ ಸಿಕ್ಕಿತೆಂದು ಪಕ್ಕದ ಕಾರ್ಖಾನೆಗೆ ಹಾರುತ್ತಾನೆ." ಮಾಲೀಕರ ಈ ದೂರನ್ನು ಸುಳ್ಳೆಂದು ತಳ್ಳಿಹಾಕುವುದು ನಮ್ಮ ಭಾಷಣಕಾರರಲ್ಲಿ ಅನೇಕರಿಗೆ ಅಭ್ಯಾಸವಾಗಿದೆ. ನಾನು ತಳ್ಳಿಹಾಕುವುದಿಲ್ಲ. ದೂರು ನಿಜ. ಹುಡುಗರು ಹಾರುತ್ತಾರೆ. ಆದರೆ ರೋಗಿಗೆ ಜ್ವರವಿದೆ ಎಂದು ಹೇಳಿದವನು ವೈದ್ಯನಾಗುವುದಿಲ್ಲ. ಜ್ವರ ಯಾಕೆ ಬಂತೆಂದು ಹೇಳಬೇಕು.

ಮೊದಲು ಒಂದು ಗಂಟು ಬಿಡಿಸಬೇಕು. ನಿಷ್ಠೆ ಎಂಬ ಒಂದೇ ಮಾತಿನೊಳಗೆ ಎರಡು ವಸ್ತುಗಳನ್ನು ಸೇರಿಸಿ ನಮಗೆ ಮಾರುತ್ತಿದ್ದಾರೆ. ಒಂದು, ಕೆಲಸದ ಮೇಲಿನ ನಿಷ್ಠೆ. ಇನ್ನೊಂದು, ಕೆಲಸ ಕೊಟ್ಟವನ ಮೇಲಿನ ನಿಷ್ಠೆ. ಗಾರೆ ಕಲಸಿಟ್ಟ ಮೇಲೆ ಗಂಟೆ ಐದಾಯಿತೆಂದು ಕರಣೆ ಬಿಸಾಡಿ ಹೋದ ಗಾರೆಯವನನ್ನು ನೀವು ನೋಡಿದ್ದೀರಾ? ಗೋಡೆ ಮುಗಿಸಿಯೇ ಕೈ ತೊಳೆಯುತ್ತಾನೆ. ಆ ಮನೆ ಯಾರದೆಂದು ಅವನಿಗೆ ಗೊತ್ತಿರುವುದಿಲ್ಲ, ಕಂಟ್ರಾಕ್ಟರು ಹೋದ ವಾರದ ಬಟವಾಡೆ ಕೊಟ್ಟಿರುವುದೂ ಇಲ್ಲ. ಬಿಸಿಯೂಟದ ಅಡುಗೆಯವಳು ಸಾರು ಹಳಸಿದೆಯೆಂದು ಅನುಮಾನ ಬಂದರೆ ಮೊದಲು ತಾನು ನಾಲಗೆಗೆ ಹಚ್ಚಿ ನೋಡುತ್ತಾಳೆ. ಹಾಗೆ ಮಾಡೆಂದು ಯಾವ ಮಾಲೀಕ ಕಲಿಸಿದ? ಕೆಲಸದ ನಿಷ್ಠೆ ಕೈಯಲ್ಲಿ ಹುಟ್ಟುತ್ತದೆ. ಕೆಲಸ ಬಲ್ಲವನಿಗೆಲ್ಲ ಅದು ಒಂದಿಷ್ಟಾದರೂ ಇರುತ್ತದೆ. ಸಂಸ್ಥೆಯ ಮೇಲಿನ ನಿಷ್ಠೆ ಹಾಗಲ್ಲ. ಅದು ಕೊಟ್ಟು ತೆಗೆದುಕೊಳ್ಳುವ ಸಾಮಾನು. ಮಾಲೀಕರು ಕೊಡದೆಯೇ ತೆಗೆದುಕೊಳ್ಳಬೇಕೆನ್ನುತ್ತಾರೆ, ಅದು ಸಿಕ್ಕದಿದ್ದಾಗ ಮೊದಲನೆಯದೂ ಇಲ್ಲವೆಂದು ಬೈಯುತ್ತಾರೆ. ಜಗಳವಿರುವುದು ಇಲ್ಲಿ.

ಈಚೆಗೆ ಕಾರ್ಖಾನೆಗಳ ಗೋಡೆಯ ಮೇಲೆ ಶರಣರ ಹೆಸರಿನಲ್ಲಿ ಕಾಯಕದ ಮಾತು ಬರೆಸುವ ಪದ್ಧತಿ ಬಂದಿದೆ. ಬರೆಸಲಿ. ಆದರೆ ಪೂರ್ತಿ ಕಥೆ ಬರೆಸಲಿ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಲೆ ಹಚ್ಚಲಿಲ್ಲ. ನಮಗೆ ಸಲ್ಲುವುದಕ್ಕಿಂತ ಹೆಚ್ಚು ಇದು, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಕಾಯಕದ ಪಾಠದಲ್ಲಿ ಹೆಚ್ಚು ತೆಗೆದುಕೊಳ್ಳಬಾರದೆಂಬ ಪಾಠವೂ ಉಂಟು. ಗೋಡೆಗೆ ಬಣ್ಣ ಹಾಕಿಸುವವರು ಅರ್ಧಕ್ಕೇ ಡಬ್ಬಿ ಮುಚ್ಚುತ್ತಾರೆ. ಕಾಯಕದವರಿಗೆ ತಮ್ಮ ಉಳಿ, ತಮ್ಮ ಮಗ್ಗ, ತಮ್ಮ ದೋಣಿ ಇದ್ದವೆಂಬುದನ್ನೂ ಮರೆಯಬಾರದು. ದೋಣಿ ನಡೆಸುವವನಿಗೆ ಮೂರು ತಿಂಗಳ ಗುತ್ತಿಗೆ ಪತ್ರ ಇರಲಿಲ್ಲ.

ಜನ ಕೆಲಸ ಬಿಟ್ಟು ಓಡುವ ರೋಗ ನಮ್ಮ ಊರಿನದೂ ಅಲ್ಲ, ನಮ್ಮ ಕಾಲದ್ದೂ ಅಲ್ಲ. ಇದರ ದೊಡ್ಡ ಲೆಕ್ಕ ಸಿಕ್ಕುವುದು ನೂರು ವರ್ಷಕ್ಕೂ ಹಿಂದಿನ ಅಮೆರಿಕದಲ್ಲಿ. ಡೆಟ್ರಾಯಿಟ್ ಪಕ್ಕದ ಹೈಲೆಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡನ ಮೋಟಾರು ಕಾರ್ಖಾನೆ. 1913ರಲ್ಲಿ ಅವನು ಕಾರು ತಾನಾಗಿ ಸರಿಯುತ್ತಾ ಬರುವ ಸಾಲನ್ನು ಹೂಡಿದ. ಕೆಲಸಗಾರ ನಿಂತಲ್ಲಿ ನಿಂತು ದಿನವಿಡೀ ಒಂದೇ ತಿರುಪು ತಿರುಗಿಸಬೇಕು. ಕಾರು ಬೇಗ ತಯಾರಾಯಿತು, ಜನ ಅಷ್ಟೇ ಬೇಗ ಓಡಿದರು. ಆ ಒಂದು ವರ್ಷದಲ್ಲಿ ಸುಮಾರು 14,000 ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಅವನು 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಫೋರ್ಡ್ ಧರ್ಮಾತ್ಮನೇನೂ ಅಲ್ಲ, ಆದರೆ ಲೆಕ್ಕ ಬಲ್ಲವನು. ದಿನಾ ಹೊಸಬನಿಗೆ ಕಲಿಸುವ ಖರ್ಚು, ಹೊಸಬ ಕೆಡಿಸುವ ಮಾಲು, ನಿಂತುಹೋಗುವ ಸಾಲು ಎಲ್ಲವನ್ನೂ ಕೂಡಿಸಿ ನೋಡಿದ. 1914ರ ಜನವರಿಯಲ್ಲಿ, ಎರಡೂವರೆ ಡಾಲರಿನೊಳಗಿದ್ದ ದಿನದ ದುಡಿಮೆಯನ್ನು ಐದು ಡಾಲರಿಗೇರಿಸಿ, ಒಂಬತ್ತು ಗಂಟೆಯ ಪಾಳಿಯನ್ನು ಎಂಟು ಗಂಟೆಗೆ ಇಳಿಸಿದ. ಮರುದಿನದಿಂದ ಗೇಟಿನ ಮುಂದೆ ಚಳಿಯಲ್ಲಿ ಸಾವಿರಾರು ಜನರ ಸಾಲು. ಓಡುವವರ ಸಂಖ್ಯೆ ಎರಡೇ ವರ್ಷದಲ್ಲಿ ನೆಲಕಚ್ಚಿತು. "ನಿಷ್ಠೆ" ಬಂತು!

ಆದರೆ ಆ ಐದು ಡಾಲರಿನ ಸುಮಾರು ಅರ್ಧ ಭಾಗಕ್ಕೆ ಷರತ್ತು ಇತ್ತು. ಕಂಪನಿಯ ಇನ್‌ಸ್ಪೆಕ್ಟರುಗಳು ಕೆಲಸಗಾರನ ಮನೆಗೆ ಬಂದು ಅವನು ಕುಡಿಯುತ್ತಾನೆಯೇ, ಮನೆ ಚೊಕ್ಕಟವಾಗಿದೆಯೇ, ದುಡ್ಡು ಕೂಡಿಡುತ್ತಾನೆಯೇ ಎಂದು ಬರೆದುಕೊಂಡು ಹೋಗುತ್ತಿದ್ದರು. ಸಂಘ ಕಟ್ಟುವುದಕ್ಕೆ ಫೋರ್ಡ್ ಬಿಡಲಿಲ್ಲ. 1941ರಲ್ಲಿ, ಮುಷ್ಕರದ ಬಿಸಿ ತಟ್ಟಿದ ಮೇಲೆಯೇ ಅವನ ಕಂಪನಿ ಸಂಘಕ್ಕೆ ಮನ್ನಣೆ ಕೊಟ್ಟಿತು. ಹೆಚ್ಚು ಕೂಲಿ ಕೊಟ್ಟರೆ ಜನ ನಿಲ್ಲುತ್ತಾರೆ. ಇದು ಸಾಬೀತಾದ ಸಂಗತಿ, ನಮ್ಮ ಮಾಲೀಕರು ಬರೆದಿಟ್ಟುಕೊಳ್ಳಬೇಕು. ನಿಂತವರೆಲ್ಲ ನಿನ್ನವರಾದರು ಎಂದಲ್ಲ. ಇದನ್ನೂ ಬರೆದಿಟ್ಟುಕೊಳ್ಳಲಿ.

ಅಲ್ಲಿಂದ ನಮ್ಮ ಕೋಲಾರಕ್ಕೆ ಬರೋಣ, ಯಾಕೆಂದರೆ ಅದೇ ಸಾಲಿನ ಮೇಲಿನ ಕೆಲಸ ಇಲ್ಲಿಗೂ ಬಂದಿದೆ, ಐದು ಡಾಲರ್ ಮಾತ್ರ ಬರಲಿಲ್ಲ. ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್ ಫೋನು ಜೋಡಿಸುವ ಕಾರ್ಖಾನೆ ಇಟ್ಟಿತ್ತು. ಕೆಲವೇ ತಿಂಗಳಲ್ಲಿ ಸಾವಿರಾರು ಹುಡುಗರನ್ನು ತುಂಬಿಕೊಂಡಿತು. ಬಹುಪಾಲು ಎಲ್ಲರೂ ಗುತ್ತಿಗೆಯವರು, ಹಲವು ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಎಂಟರಿಂದ ಹನ್ನೆರಡು ಗಂಟೆಗೆ ಏರಿತು, ಸಂಬಳದ ಲೆಕ್ಕ ತಪ್ಪಿತು. ಹುಡುಗ ಮೇಸ್ತ್ರಿಯನ್ನು ಕೇಳಿದರೆ ಏಜೆನ್ಸಿಯನ್ನು ಕೇಳು, ಏಜೆನ್ಸಿಯನ್ನು ಕೇಳಿದರೆ ಕಂಪನಿಯನ್ನು ಕೇಳು. 2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿದವರ ಸಿಟ್ಟು ಕಟ್ಟೆಯೊಡೆಯಿತು. ಗಾಜು, ಯಂತ್ರ, ವಾಹನಗಳು ಪುಡಿಯಾದವು. ಕಲ್ಲೆಸೆದದ್ದು ಸರಿ ಎಂದು ನಾನು ಹೇಳುವವನಲ್ಲ. ಕಲ್ಲಿನಿಂದ ಸಂಘ ಕಟ್ಟಲಾಗುವುದಿಲ್ಲ, ಎಸೆದವರೂ ಎಸೆಯದವರೂ ಜೈಲು ಕಂಡರು. ಆದರೆ ಒಂದೇ ವಾರದಲ್ಲಿ ಕಂಪನಿಯೇ ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಒಪ್ಪಿ, ಕೆಲಸಗಾರರ ಕ್ಷಮೆ ಕೇಳಿ, ಒಬ್ಬ ದೊಡ್ಡ ಅಧಿಕಾರಿಯನ್ನು ತೆಗೆದುಹಾಕಿತು. ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ತನ್ನ ಧಣಿ ಯಾರೆಂದೇ ಗೊತ್ತಿಲ್ಲದ ಹುಡುಗ ಯಾರಿಗೆ ನಿಷ್ಠನಾಗಿರಬೇಕಿತ್ತು, ಹೇಳಿ. ಏಜೆನ್ಸಿಯ ರಬ್ಬರ್ ಮೊಹರಿಗೋ?

ಧಣಿಗಳು ಹೇಳದಿರುವ ಇನ್ನೊಂದು ಗುಟ್ಟು ಉಂಟು. ಜನ ಓಡುವುದು ಕೆಲವರಿಗೆ ಲಾಭ. 1972ರ ಗ್ರಾಚ್ಯುಟಿ ಕಾಯಿದೆ ಐದು ವರ್ಷದ ಎಡೆಬಿಡದ ಸೇವೆ ಕೇಳಿತು. ನಾಲ್ಕು ವರ್ಷಕ್ಕೆ ಬಿಟ್ಟವನಿಗೆ ಏನೂ ಇರಲಿಲ್ಲ. ಹಾಗಾದರೆ ಐದನೆಯ ವರ್ಷ ಹತ್ತಿರ ಬಂದಂತೆ ಹಳೆಯ ಕೆಲಸಗಾರನಿಗೆ ಪಾಳಿ ಬದಲಾಯಿಸಿ, ದೂರದ ಘಟಕಕ್ಕೆ ಹಾಕಿ, ಮೇಸ್ತ್ರಿಯ ಬಾಯಿಗೆ ಕೊಟ್ಟು, ತಾನಾಗಿ ಬಿಡುವಂತೆ ಮಾಡಿದರೆ ಉಳಿತಾಯ ಯಾರಿಗೆ? ಒಂದು ಕೈಯಿಂದ ಬಾಗಿಲಾಚೆ ನೂಕಿ, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುವ ಆಟ ಇದು.

ಇನ್ನು ಇದರ ತಿರುವು ಮುರುವು ನೋಡಿ. ನಿಷ್ಠೆ ಧಾರಾಳವಾಗಿದ್ದು, ಕೊಡಬೇಕಾದವನು ಕೊಡದಿದ್ದರೆ ಏನಾಗುತ್ತದೆ? ಹಿಂದಿನ ಸಾಲಿನ ಅಕ್ಕತಂಗಿಯರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 2005ರಲ್ಲಿ ಕೇಂದ್ರ ಸರ್ಕಾರದ ಗ್ರಾಮೀಣ ಆರೋಗ್ಯ ಯೋಜನೆ ಬಂತು, ಅದರೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. ಸಾವಿರ ಜನಕ್ಕೊಬ್ಬಳಂತೆ, ಅದೇ ಊರಿನ ಹೆಣ್ಣುಮಗಳು. ಬಸುರಿಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವಳು ಅವಳು, ಕೂಸಿಗೆ ಚುಚ್ಚುಮದ್ದಿನ ದಿನ ನೆನಪಿಸುವವಳು ಅವಳು. ನಾನು ಹೆಚ್ಚು ಓದಿದವನಲ್ಲ, ಆದರೆ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವನು, ಪದ ಕಂಡರೆ ಬಿಡಿಸಿ ನೋಡುವ ಚಟ. ಅವಳನ್ನು ನೌಕರಳೆಂದು ಕರೆಯಲಿಲ್ಲ, ಕಾರ್ಯಕರ್ತೆ ಎಂದರು. ಅವಳಿಗೆ ಸಂಬಳ ಕೊಡಲಿಲ್ಲ, ಪ್ರೋತ್ಸಾಹಧನ, ಗೌರವಧನ ಎಂದರು. ಸಂಬಳವೆಂದರೆ ಹಕ್ಕು, ತಡವಾದರೆ ಕೇಳಬಹುದು, ಕಡಿಮೆಯಾದರೆ ಜಗಳವಾಡಬಹುದು. ಗೌರವಧನವೆಂದರೆ ಕೊಟ್ಟವನ ದೊಡ್ಡತನ. ಗೌರವವನ್ನು ಯಾರಾದರೂ ಚೌಕಾಶಿ ಮಾಡುತ್ತಾರೆಯೇ? ಒಂದು ಪದದಿಂದ ಕನಿಷ್ಠ ಕೂಲಿಯ ಕಾಯಿದೆಯನ್ನೇ ಬಾಗಿಲಾಚೆ ನಿಲ್ಲಿಸಿದ ಜಾಣತನ ಇದು. ನಮ್ಮ ಶಾಲೆಗಳ "ಅತಿಥಿ ಶಿಕ್ಷಕ"ರ ಪದವೂ ಇದೇ ಅಚ್ಚಿನದು. ಮೂರು ದಿನಕ್ಕೆ ಎದ್ದು ಹೋಗುವವನು ಅತಿಥಿ. ಹತ್ತು ವರ್ಷ ಅದೇ ಕರಿಹಲಗೆಯ ಮುಂದೆ ನಿಂತವನನ್ನೂ ಅತಿಥಿ ಎನ್ನುವ ನಿಘಂಟು ಸರ್ಕಾರದ ಬಳಿ ಮಾತ್ರ ಇದೆ.

2020ರಲ್ಲಿ ಕೊರೋನಾ ಬಂದಾಗ ಊರೆಲ್ಲ ಬಾಗಿಲು ಹಾಕಿಕೊಂಡಿತು, ಆಶಾ ಬಾಗಿಲು ಬಾಗಿಲು ತಟ್ಟಿದಳು. ಕೆಲವು ಕಡೆ ಬೈಸಿಕೊಂಡಳು, ಕೆಲವು ಕಡೆ ಹೊಡೆಸಿಕೊಂಡಳು. ಆ ವರ್ಷದ ಜುಲೈಯಲ್ಲಿ ಕರ್ನಾಟಕದ ಆಶಾಗಳು ತಿಂಗಳಿಗೆ 12,000 ರೂಪಾಯಿ ನಿಗದಿ ಮಾಡಿ ಎಂದು ಕೆಲಸ ನಿಲ್ಲಿಸಿದರು. ಆಗ ಕೇಳಿಬಂದ ಮಾತು ಯಾವುದು? ಇಂಥ ಹೊತ್ತಿನಲ್ಲಿ ಮುಷ್ಕರವೇ, ಸೇವಾಭಾವ ಎಲ್ಲಿ ಹೋಯಿತು ಎಂದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ದೆಹಲಿಯಿಂದ ಹಿಡಿದು ತಾಲ್ಲೂಕು ಕಛೇರಿಯವರೆಗೆ ಎಲ್ಲರೂ ಹೆಮ್ಮೆಪಟ್ಟರು. ಆಮೇಲೂ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೆಲದ ಮೇಲೆ ಮಲಗಬೇಕಾಯಿತು. ಕೆಲಸದ ನಿಷ್ಠೆಯೇ ಇವರ ಕೊರಳಿಗೆ ಉರುಳಾಗಿದೆ. ಬಿಟ್ಟು ಹೋಗಲಾರರು, ಬಸುರಿ ಪಕ್ಕದ ಮನೆಯವಳು. ಇದನ್ನು ಬಲ್ಲವರು ಆ ನಿಷ್ಠೆಯನ್ನೇ ಹಿಂಡುತ್ತಾರೆ.

ಈಗ ನಿಮ್ಮಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. "ಕಾಯಂ ಕೆಲಸ, ಒಳ್ಳೆಯ ಸಂಬಳ ಕೊಟ್ಟರೆ ನಿಷ್ಠೆ ಬರುವುದಾದರೆ, ಸರ್ಕಾರಿ ಕಛೇರಿಯ ಗುಮಾಸ್ತರು ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಏಳುವುದೇಕೆ?" ಬಹಳ ಒಳ್ಳೆಯ ಪ್ರಶ್ನೆ, ಜಾರಿಕೊಳ್ಳುವಂಥದಲ್ಲ. ಕೆಲಸದ ಭದ್ರತೆ ಭಯವನ್ನು ತೆಗೆಯುತ್ತದೆ, ಅಷ್ಟೆ. ಭಯ ಹೋದ ಜಾಗದಲ್ಲಿ ಏನು ಬೆಳೆಯಬೇಕೆಂಬುದು ಬೇರೆ ಮಾತು. ಆ ಗುಮಾಸ್ತನಿಗೆ ತನ್ನ ಕಛೇರಿ ಹೇಗೆ ನಡೆಯಬೇಕೆಂದು ಹೇಳುವ ಹಕ್ಕಿಲ್ಲ, ಮೇಲಿನವನ ಕಣ್ಣು ತಪ್ಪಿಸುವ ಹಕ್ಕು ಮಾತ್ರ ಇದೆ. ಅವನು ಉತ್ತರ ಕೊಡಬೇಕಾದದ್ದು ಮೇಲಿನವನಿಗೆ, ಕಿಟಕಿಯ ಮುಂದೆ ನಿಂತ ರೈತನಿಗಲ್ಲ. ಹಾಜರಿ ಪುಸ್ತಕ ಮೈಯನ್ನು ಹಿಡಿದು ತರುತ್ತದೆ, ಮನಸ್ಸನ್ನು ತರುವುದಿಲ್ಲ. ಇದು ಯಾವ ಮೇಷ್ಟ್ರಿಗಾದರೂ ಮೊದಲ ವರ್ಷದಲ್ಲೇ ತಿಳಿಯುತ್ತದೆ. ಇನ್ನು ಕುಡಿದು ಪಾಳಿಗೆ ಬಂದವನನ್ನೂ ಸಹಿ ಮಾಡಿ ಮಾಯವಾದವನನ್ನೂ ಕೆಲವು ಸಂಘಗಳು ಸದಸ್ಯನೆಂಬ ಒಂದೇ ಕಾರಣಕ್ಕೆ ಕಾಯುತ್ತವೆ. ಅವನ ಪಾಲಿನ ಕೆಲಸ ಯಾರ ಬೆನ್ನಿಗೆ ಬಿತ್ತು? ಪಕ್ಕದ ಕೆಲಸಗಾರನ ಬೆನ್ನಿಗೆ. ಇದರ ಬಗ್ಗೆ ಮಾಲೀಕನಿಗಿಂತ ಮೊದಲು ಸಂಘ ಮಾತಾಡಬೇಕು.

ಹಾಗಾದರೆ ಭದ್ರತೆಯೂ ಇದ್ದು, ನ್ಯಾಯವಾದ ದುಡಿಮೆಯೂ ಇದ್ದು, ನಡೆಸುವ ಹಕ್ಕೂ ಕೆಲಸಗಾರನಿಗೇ ಇದ್ದ ಜಾಗ ಎಲ್ಲಾದರೂ ಇತ್ತೇ? ಇತ್ತು. ಮಂಗಳೂರಿನಿಂದ ರೈಲಿನಲ್ಲಿ ಮೂರು ತಾಸಿನ ದಾರಿ, ಕಣ್ಣೂರು. ಆ ಕಥೆ ಶುರುವಾಗುವುದೇ ನಮ್ಮ ಮಂಗಳೂರಿನಿಂದ.

ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರಿನ ಸೀಮೆಯಲ್ಲಿ ಸಾವಿರಾರು ಜನರಿಂದ ಬೀಡಿ ಕಟ್ಟಿಸುತ್ತಿದ್ದರು. ಅಲ್ಲಿನವರು ಶೆಡ್ಡುಗಳಲ್ಲಿ ಸಾಲಾಗಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಟ್ಟುತ್ತಿದ್ದರು. ಆ ಶೆಡ್ಡುಗಳಲ್ಲಿ ಒಂದು ಸೊಗಸಾದ ಪದ್ಧತಿ ಇತ್ತು. ಒಬ್ಬ ಎದ್ದು ಪತ್ರಿಕೆ ಓದುತ್ತಾನೆ, ಉಳಿದವರು ಕಿವಿಗೊಟ್ಟು ಕೈ ಆಡಿಸುತ್ತಾರೆ, ಓದಿದವನ ಪಾಲಿನ ಬೀಡಿಯನ್ನು ತಾವು ಹಂಚಿಕೊಂಡು ಕಟ್ಟಿಕೊಡುತ್ತಾರೆ. ಕ್ಯೂಬಾ ದೇಶದ ಚುಟ್ಟದ ಕಾರ್ಖಾನೆಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದಿಂದ ಹೀಗೆ ಓದುವವರಿದ್ದಾರೆ. ಅಕ್ಷರ ಬಾರದವನೂ ಲೋಕದ ಸುದ್ದಿ ಬಲ್ಲವನಾಗಿದ್ದ. ಇಷ್ಟು ಒಳ್ಳೆಯ ಶಾಲೆ ನಾನು ಪಾಠ ಹೇಳಿದ್ದರಲ್ಲಿ ಯಾವುದೂ ಇರಲಿಲ್ಲ ಎನ್ನಬೇಕು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಮಾಡಿತು. ದಿನಕ್ಕೆ ಇಷ್ಟೇ ಗಂಟೆ, ವಾರಕ್ಕೊಂದು ರಜೆ, ಸಂಬಳದ ರಜೆ, ಬಾಣಂತಿಗೆ ರಜೆ. ಕೇರಳದ ನಂಬೂದಿರಿಪಾಡರ ಮಂತ್ರಿಮಂಡಲ 1968ರಲ್ಲಿ ಅದನ್ನು ಜಾರಿಗೆ ತರಹೊರಟಿತು. ಕಂಪನಿ ಕಾಯಿದೆಗೆ ತಲೆಬಾಗಲಿಲ್ಲ, ಶೆಡ್ಡಿಗೆ ಬೀಗ ಹಾಕಿತು. ಆ ಅಕ್ಟೋಬರಿನಲ್ಲಿ ಸುಮಾರು 12,000 ಜನ ಬೀದಿಗೆ ಬಿದ್ದರು. ಎಷ್ಟೋ ವರ್ಷ ಅದೇ ಗುರುತಿನ ಬೀಡಿ ಕಟ್ಟಿ ಹೆಸರು ತಂದವರು. ಅವರ ನಿಷ್ಠೆಗೆ ಸಂದ ಬಾಕಿ ಅದು.

1969ರ ಫೆಬ್ರವರಿ 15ರಂದು ಅವರದೇ ಸಹಕಾರ ಸಂಘ ಹುಟ್ಟಿತು, ದಿನೇಶ್ ಬೀಡಿ. ಹೆಸರಿನಲ್ಲೇ ಗಣೇಶನಿಗೆ ಸವಾಲು ಉಂಟು. ಷೇರಿನ ಹಣದ ಬಹುಪಾಲನ್ನು ಸರ್ಕಾರ ಸಾಲವಾಗಿ ಕೊಟ್ಟಿತು. ಕಮ್ಯೂನಿಸ್ಟ್ ಗೆಳೆಯರೊಡನೆ ನಮಗೆ ನೂರು ಜಗಳ ಇವೆ, ನಾಳೆಯೂ ಇರುತ್ತವೆ. ಇದೊಂದು ಕೆಲಸಕ್ಕೆ ಅವರಿಗೆ ಕೈಮುಗಿಯುತ್ತೇನೆ.

ಅಲ್ಲಿ ಬದಲಾದದ್ದೇನು? ಎಲೆ ಅದೇ, ಹೊಗೆಸೊಪ್ಪು ಅದೇ, ನೂಲು ಅದೇ. ಸಾವಿರ ಬೀಡಿಗೆ ಇಷ್ಟೆಂಬ ಕೂಲಿಯ ಕ್ರಮವೂ ಅದೇ. ಕಟ್ಟುವ ಬೆರಳೂ ಅವೇ. ಬೀಡಿಯ ವ್ಯಾಪಾರದಲ್ಲಿ ಕೆಲಸಗಾರನ ಹೊಟ್ಟೆಗೆ ಬೀಳುವ ಪೆಟ್ಟು ಎರಡು ಕಡೆಯಿಂದ. ಕೊಟ್ಟ ಎಲೆ ತೂತಾಗಿರುತ್ತದೆ, ಕಟ್ಟಿದ ಬೀಡಿಯನ್ನು ಕೆಟ್ಟದ್ದೆಂದು ಆರಿಸಿ ತೆಗೆಯುತ್ತಾರೆ. ತೆಗೆದದ್ದಕ್ಕೆ ಕೂಲಿ ಇಲ್ಲ. ಆರಿಸುವವನು ಧಣಿಯ ಮನುಷ್ಯನಾಗಿದ್ದಾಗ ಒಳ್ಳೆಯ ಬೀಡಿ ಕಟ್ಟುವುದು ಅವನನ್ನು ತಪ್ಪಿಸಿಕೊಳ್ಳುವ ಆಟ. ಅವನೇ ಸಂಘಕ್ಕೆ ಉತ್ತರ ಕೊಡಬೇಕಾದವನಾದಾಗ, ಕೆಟ್ಟ ಬೀಡಿ ಎಂದರೆ ನಮ್ಮ ಹೆಸರಿಗೆ ಬರುವ ಕೆಡುಕು. ಮೇಲೆ ಕೇಂದ್ರ ಸಂಘ, ಕೆಳಗೆ ಊರೂರಿನ ಪ್ರಾಥಮಿಕ ಸಂಘಗಳು. ಪ್ರಾಥಮಿಕ ಸಂಘದ ನಿರ್ದೇಶಕರನ್ನು ಕೆಲಸಗಾರರೇ ಆರಿಸುತ್ತಿದ್ದರು. ಪ್ರಾವಿಡೆಂಟ್ ಫಂಡು, ಬೋನಸ್ಸು, ಸಂಬಳದ ರಜೆ, ಬಾಣಂತಿಯ ರಜೆ ಎಲ್ಲ ಬಂದವು. ಕಂಪನಿ ಯಾವುದನ್ನು ಕೊಡಲಾಗದೆಂದು ಬೀಗ ಹಾಕಿತೋ ಅದನ್ನೆಲ್ಲ ಕೊಟ್ಟೂ ಸಂಘ ಬೆಳೆಯಿತು. ಕೆಲಸಗಾರರ ಸಂಖ್ಯೆ ಮೂವತ್ತು ಸಾವಿರ ದಾಟಿತು. ಅದೇ ವ್ಯಾಪಾರ, ಅದೇ ಮಾರುಕಟ್ಟೆ. ಇತ್ತ ಮಂಗಳೂರಿನ ಸುತ್ತಮುತ್ತ ಹೆಂಗಸರು ಮನೆಯ ಜಗಲಿಯ ಮೇಲೆ ಒಬ್ಬೊಬ್ಬರೇ ಕೂತು, ಕಂಟ್ರಾಕ್ಟರ ಕೈ ನೋಡುತ್ತಾ ಕಟ್ಟುತ್ತಲೇ ಇದ್ದರು.

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ, ಆದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಬೀಡಿ ಸೇದುವವನ ಎದೆಯನ್ನೂ ತಿನ್ನುತ್ತದೆ, ಕಟ್ಟುವವನ ಎದೆಯನ್ನೂ ತಿನ್ನುತ್ತದೆ. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕೂಡದೆಂದಿತು. ಸರಿಯಾದ ತೀರ್ಪು. ಬೀಡಿಯ ಬೇಡಿಕೆ ಇಳಿಯುತ್ತಾ ಹೋಯಿತು, ಕಟ್ಟುವವರು ಕರಗುತ್ತಾ ಹೋದರು. ಎಷ್ಟೇ ನಿಷ್ಠೆಯಿದ್ದರೂ ಜನಕ್ಕೆ ಬೇಡವಾದ ಮಾಲನ್ನು ಅದು ಮಾರಿಕೊಡಲಾರದು. ಆದರೆ ಕುತ್ತು ಬಂದಾಗ ಎರಡು ಕಡೆಯವರು ಮಾಡಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. 1968ರಲ್ಲಿ ಒಂದು ಕಾಯಿದೆ ಬಂದದ್ದಕ್ಕೆ ಕಂಪನಿ ಗಂಟುಮೂಟೆ ಕಟ್ಟಿತು. 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಯೇ ಕುಸಿಯತೊಡಗಿದಾಗ ಸಂಘ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆ, ಕೊನೆಗೆ ಕಂಪ್ಯೂಟರ್ ಕೆಲಸವನ್ನೂ ಹಿಡಿಯಿತು. ಎಲ್ಲರನ್ನೂ ಉಳಿಸಲಾಗಲಿಲ್ಲ. ಉಳಿಸುವ ದಾರಿಯನ್ನಾದರೂ ಹುಡುಕಿತು, ಯಾಕೆಂದರೆ ಅದಕ್ಕೆ ಓಡಿಹೋಗಲು ಬೇರೆ ಊರಿರಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ನಾಳೆಯೇ ಒಂದು ದಿನೇಶ್ ಕಟ್ಟುತ್ತೇವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಶೆಡ್ಡಿನ ಹಿಂದೆ ಮೂವತ್ತು ವರ್ಷಗಳ ಸಂಘ ಇತ್ತು, ಓದುವವನ ಪಾಲಿನ ಬೀಡಿ ಕಟ್ಟಿಕೊಡುವ ಅಭ್ಯಾಸ ಇತ್ತು. ನಮ್ಮಲ್ಲಿ ಇನ್ನೂ ಪಕ್ಕದ ಯಂತ್ರದವನ ಸಂಬಳವೆಷ್ಟೆಂದು ಕೇಳಲು ಹೆದರುವ ಸ್ಥಿತಿ. ಆದ್ದರಿಂದ ಊಟದ ಮೇಲೆ ಭಾಷಣ ಬೇಡ. ಸಂಬಳದ ಚೀಟಿ ತಂದಿರುವವರು ಹೊರಗೆ ತೆಗೆದಿಡಿ. ಅದರ ಮೇಲೆ ಧಣಿಯ ಹೆಸರು ಯಾರದು, ಏಜೆನ್ಸಿಯದೋ ಕಂಪನಿಯದೋ, ಸೇರಿದ ತಾರೀಖು ನೀವು ನಿಜವಾಗಿ ಸೇರಿದ ದಿನವೋ ಅಥವಾ ನಡುವೆ ಒಮ್ಮೆ ಬಿಡಿಸಿ ಮತ್ತೆ ಸೇರಿಸಿಕೊಂಡ ದಿನವೋ, ಪ್ರಾವಿಡೆಂಟ್ ಫಂಡಿಗೆ ಹಿಡಿದದ್ದು ನಿಮ್ಮ ಖಾತೆಗೆ ಬಿತ್ತೋ ಇಲ್ಲವೋ, ಕೂತು ನೋಡೋಣ. ಫೋನಿನಲ್ಲಿ ಖಾತೆ ತೆಗೆಯಲು ಬಾರದವರಿಗೆ ಹುಡುಗರು ತೆಗೆದುಕೊಡುತ್ತಾರೆ. ಚೀಟಿಯೇ ಇಲ್ಲದವರು ಮುಂದಿನ ಬೆಂಚಿಗೆ ಬನ್ನಿ. ಅವರಿಂದಲೇ ಶುರು ಮಾಡೋಣ.